ಡಿಸೆಂಬರ್‌ವರೆಗೆ ಚೆನ್ನಾಗೇ ಇತ್ತು: ಆಬ್ಜೆಕ್ಟ್.ಗ್ರೂಪ್‌ಬೈ ಬಳಸಿದ ಅನುಭವ

ಚಿಪ್ಸ್, ಬಿಸ್ಕತ್ತು ಹಂಚುವ ಡಿಸ್ಟ್ರಿಬ್ಯೂಟರ್ ಒಬ್ಬರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ಡೇಟಾಬೇಸ್‌ನಿಂದ ಬಿಲ್‌ಗಳೆಲ್ಲ ಒಂದೇ ಉದ್ದನೆಯ ಅರೇ (ಪಟ್ಟಿ) ಆಗಿ ಬರುತ್ತವೆ. ಅವರಿಗೆ ಬೇಕಾದದ್ದು ಲೈನ್ (ಮಾಲು ಹಂಚುವ ರೂಟ್), ಲೈನಿನೊಳಗೆ ಅಂಗಡಿ, ಅಂಗಡಿಯೊಳಗೆ ಬಿಲ್. ಪಟ್ಟಿಯನ್ನು ಹೀಗೆ ಗುಂಪು ಮಾಡೋಕೆ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಇರುವ ಫಂಕ್ಷನ್ ಆಬ್ಜೆಕ್ಟ್.ಗ್ರೂಪ್‌ಬೈ.

ಅದು ಬರೋಕೆ ಮೊದಲು ರಿಡ್ಯೂಸ್ (ಪಟ್ಟಿಯನ್ನು ಒಂದೊಂದಾಗಿ ದಾಟುತ್ತಾ ಹೋಗುವ ಫಂಕ್ಷನ್) ಬರೆಯುತ್ತಿದ್ದೆ. ಕೀ (ಗುಂಪಿನ ಹೆಸರು) ಇದೆಯಾ ನೋಡು, ಇಲ್ಲದಿದ್ದರೆ ಖಾಲಿ ಅರೇ ಇಡು, ಪುಶ್ ಮಾಡು. ಕೊನೆಯಲ್ಲಿ ರಿಟರ್ನ್ ಬರೆಯೋದು ಮರೆತು, ಕಾಫಿ ಆರಿ ತಣ್ಣಗಾಗುವವರೆಗೆ ಸ್ಕ್ರೀನ್ ನೋಡುತ್ತಾ ಕೂರು. ಆಮೇಲೆ ಇದೊಂದೇ ಕೆಲಸಕ್ಕೆ ಲೋಡ್ಯಾಶ್ ಅನ್ನೋ ರೆಡಿಮೇಡ್ ಲೈಬ್ರರಿ ಹಾಕಿಕೊಂಡೆ. ಆಬ್ಜೆಕ್ಟ್.ಗ್ರೂಪ್‌ಬೈ ಕ್ರೋಮ್, ಫೈರ್‌ಫಾಕ್ಸ್‌ಗೆ 2023ರಲ್ಲೇ ಬಂದಿತ್ತು. 2024ರ ಮಾರ್ಚ್‌ನಲ್ಲಿ ಸಫಾರಿ 17.4ಕ್ಕೂ ಬಂತು. ಲೋಡ್ಯಾಶ್ ಕಿತ್ತುಹಾಕಿದೆ.

ಅಲ್ಲಿಂದ ಬೆಳಿಗ್ಗೆ ಬಂದ ತಕ್ಷಣ ಬ್ರೌಸರ್‌ನ ಕನ್ಸೋಲ್ (ಕೋಡ್ ಓಡಿಸಿ ನೋಡುವ ಕಿಟಕಿ) ತೆರೆದು, ನಿನ್ನೆಯ ಬಿಲ್‌ಗಳನ್ನು ಲೈನ್‌ವಾರು ಬಿಡಿಸಿ ನೋಡೋದೇ ಒಂದು ಚಟ ಆಯಿತು. ಒಂದೇ ಸಾಲು. ಪುಟ್ಟ ತ್ರಿಕೋನ ಒತ್ತಿದರೆ ಲೈನ್ ಬಿಚ್ಚಿಕೊಳ್ಳುತ್ತದೆ, ಒಳಗೆ ಅದರ ಬಿಲ್‌ಗಳು ಮಾತ್ರ. ಸುಮ್ನೆ ಖುಷಿ.

ಕಳೆದ ಏಪ್ರಿಲ್‌ನಲ್ಲಿ ತಿಂಗಳವಾರು ರಿಪೋರ್ಟ್ ಸೇರಿಸಿದೆ. ತಿಂಗಳ ನಂಬರೇ ಕೀ: ಏಪ್ರಿಲ್ 4, ಮೇ 5, ಹೀಗೆ. ಡಿಸೆಂಬರ್‌ವರೆಗೆ ಒಂದು ತಕರಾರಿಲ್ಲ. ಜನವರಿ 2ಕ್ಕೆ ಫೋನ್ ಬಂತು. "ಸಾರ್, ಜನವರಿ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿದೆಯಲ್ಲ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಅಲ್ವಾ?"

ಡೇಟಾಬೇಸ್ ಕ್ವೆರಿಯ ಸಾರ್ಟ್ (ಬಿಲ್ ಜೋಡಿಸುವ ಕ್ರಮ) ಮೂರು ಸಲ ನೋಡಿದೆ, ಸರಿಯಾಗೇ ಇತ್ತು. ಗ್ರೂಪ್‌ಬೈ ಕೊಡುವ ಆಬ್ಜೆಕ್ಟ್‌ನಲ್ಲಿ ಹೆಸರಿನ ಕೀಗಳು ಹಾಕಿದ ಕ್ರಮದಲ್ಲೇ ಉಳಿಯುತ್ತವೆ. ಬರೀ ಅಂಕಿಯ ಕೀಗಳು ಮಾತ್ರ ಚಿಕ್ಕದರಿಂದ ದೊಡ್ಡದಕ್ಕೆ ತಾವೇ ಸಾಲು ನಿಲ್ಲುತ್ತವೆ. ಅಂಗಡಿ ಹೆಸರುಗಳ ಜೊತೆಗೇ ಕೆಲಸ ಮಾಡುತ್ತಿದ್ದ ನನಗೆ ಇದು ಯಾವತ್ತೂ ಎದುರಾಗಿರಲಿಲ್ಲ. ಲೋಡ್ಯಾಶ್ ಇದ್ದಿದ್ದರೂ ಇದೇ ಗತಿ ಅಂತ ಗೊತ್ತಾದಾಗ ಗ್ರೂಪ್‌ಬೈಗೆ ಬೈದದ್ದರಲ್ಲಿ ಅರ್ಧ ವಾಪಸ್ ತಗೊಂಡೆ.

ಆಬ್ಜೆಕ್ಟ್ ಬದಲು ಮ್ಯಾಪ್ (ಅಂಕಿಯ ಕೀಗಳನ್ನೂ ಹಾಕಿದ ಕ್ರಮದಲ್ಲೇ ಇಡುವ ರಚನೆ) ಕೊಡುವ ಮ್ಯಾಪ್.ಗ್ರೂಪ್‌ಬೈ ಹಾಕಿದೆ. ಕ್ರಮ ಸರಿಹೋಯಿತು, ಆದರೆ ಜೇಸನ್.ಸ್ಟ್ರಿಂಗಿಫೈ ಮಾಡಿ (ಡೇಟಾವನ್ನು ಪಠ್ಯವಾಗಿಸಿ) ಕಳಿಸಿದರೆ ಆ ಕಡೆ ಸಿಕ್ಕಿದ್ದು ಬರೀ ಖಾಲಿ ಬ್ರ್ಯಾಕೆಟ್. ಕೊನೆಗೆ ಆಬ್ಜೆಕ್ಟ್‌ಗೇ ವಾಪಸ್ ಬಂದು ಕೀಯನ್ನು '2025-04' ಅಂತ ಮಾಡಿದೆ. ನಡುವೆ ಗೀಟು ಬಿದ್ದರೆ ಅದು ಬರೀ ಅಂಕಿ ಅಲ್ಲ, ಇಟ್ಟಲ್ಲೇ ಇರುತ್ತದೆ.

ಇನ್ನೊಂದು ಗೊಣಗಾಟ: ಇದು ಒಂದೇ ಹಂತ ಗುಂಪು ಮಾಡುತ್ತದೆ. ಲೈನಿನೊಳಗೆ ಅಂಗಡಿ ಬೇಕಂದ್ರೆ ಸಿಕ್ಕ ಪ್ರತಿ ಗುಂಪಿಗೂ ಮತ್ತೆ ಕರೆಯಬೇಕು. ಅದಕ್ಕೆ ತನ್ನನ್ನೇ ತಾನು ಕರೆಯುವ ಎಂಟು ಸಾಲಿನ ಫಂಕ್ಷನ್ ಬರೆದಿಟ್ಟುಕೊಂಡಿದ್ದೇನೆ. ಡಿ3 ಅನ್ನೋ ಲೈಬ್ರರಿಯ ಗ್ರೂಪ್ ಎಷ್ಟು ಹಂತ ಹೇಳಿದರೂ ಒಂದೇ ಸಲಕ್ಕೆ ಮಾಡಿಕೊಡುತ್ತದೆ, ಆದರೆ ಅದು ಕೊಡೋದೂ ಮ್ಯಾಪ್. ಮತ್ತೆ ಅದೇ ಖಾಲಿ ಬ್ರ್ಯಾಕೆಟ್ ಕಥೆ, ಬೇಡಪ್ಪ.

ಐದಕ್ಕೆ ನಾಲ್ಕು ಸ್ಟಾರ್. ಲೋಡ್ಯಾಶ್ ಮತ್ತೆ ಹಾಕಿಲ್ಲ.