ಮೂರು ಕಾರ್ಡ್, ಒಂದೇ ಮನೆ ಖರ್ಚು: ಯಾವುದರಿಂದ ಎಷ್ಟು ವಾಪಸ್?

ಮಾಲ್ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ಕೂತವರು ಕ್ರೆಡಿಟ್ ಕಾರ್ಡ್ ಜೊತೆ ಟ್ರಾಲಿ ಬ್ಯಾಗ್ ಫ್ರೀ ಅಂತಾರೆ. ವಾರ್ಷಿಕ ಶುಲ್ಕ ಎಷ್ಟು, 18% ಜಿಎಸ್‌ಟಿ ಸೇರಿ ಎಷ್ಟಾಗುತ್ತೆ ಅಂತ ಕೇಳಿ ನೋಡಿ, ಮಾತು ಮತ್ತೆ ಬ್ಯಾಗಿಗೇ ಬರುತ್ತದೆ. ಹಾಗಾಗಿ ಬೆಂಗಳೂರಿನ ನಮ್ಮ ಮನೆ ಖರ್ಚನ್ನೇ ಮೂರು ಕಾರ್ಡ್‌ಗಳಿಗೆ ಹಂಚಿ ಲೆಕ್ಕ ಹಾಕಿದೆ: ಅಮೆಜಾನ್ ಪೇ ಐಸಿಐಸಿಐ, ಎಸ್‌ಬಿಐ ಕ್ಯಾಶ್‌ಬ್ಯಾಕ್, ಎಚ್‌ಡಿಎಫ್‌ಸಿಯ ಟಾಟಾ ನ್ಯೂ ಇನ್ಫಿನಿಟಿ ರುಪೇ. ಪಾಯಿಂಟ್ ಕೂಡಿಸಿ ವಿಮಾನ ಹತ್ತುವ ಕಾರ್ಡ್‌ಗಳ ಗೊಡವೆಗೆ ಹೋಗಿಲ್ಲ. ಊರಿಗೆ ಬಸ್ಸಲ್ಲಿ ಹೋಗೋರಿಗೆ ಅದ್ಯಾಕೆ? ಇಲ್ಲಿರುವ ದರಗಳು ನಾನು ಬಳಸಿದಾಗಿನವು.

ಮೊದಲು ವೆಲ್ಕಮ್ ಬೋನಸ್. ಟಾಟಾ ನ್ಯೂ ಶುಲ್ಕ 1,499 ರೂಪಾಯಿ, ಜಿಎಸ್‌ಟಿ ಸೇರಿದರೆ 1,769. ಕಾರ್ಡ್ ಬಂದ 30 ದಿನದೊಳಗೆ ಒಮ್ಮೆ ಬಳಸಿದರೆ 1,499 ನ್ಯೂಕಾಯಿನ್ ಬರುತ್ತದೆ; ಇದು ಟಾಟಾದವರ ರಿವಾರ್ಡ್ ಪಾಯಿಂಟ್, ಒಂದು ಕಾಯಿನ್ ಅಂದರೆ ಒಂದು ರೂಪಾಯಿ. ಅಂದರೆ 270 ರೂಪಾಯಿ ಕೈಬಿಟ್ಟಿತು. ಕಾಯಿನ್ ನಡೆಯುವುದು ಬಿಗ್‌ಬಾಸ್ಕೆಟ್, ಕ್ರೋಮಾ, 1ಎಂಜಿಯಂಥ ಟಾಟಾ ಬಳಗದಲ್ಲಿ. ನಮ್ಮನೆಗೆ ಅಕ್ಕಿ, ಬೇಳೆ ಬಿಗ್‌ಬಾಸ್ಕೆಟ್‌ನಿಂದಲೇ ಬರುವುದರಿಂದ ನಮಗದು ದುಡ್ಡೇ. ಅಲ್ಲಿ ಕೊಳ್ಳದವರಿಗೆ ಸುಮ್ನೆ ಒಂದು ಅಂಕಿ. ಎಸ್‌ಬಿಐ ಕ್ಯಾಶ್‌ಬ್ಯಾಕ್‌ಗೆ ಬೋನಸ್ ಇಲ್ಲ, ಶುಲ್ಕ ಮಾತ್ರ ಇದೆ: 999, ಜಿಎಸ್‌ಟಿ ಸೇರಿ 1,179. ಅಮೆಜಾನ್ ಪೇ ಐಸಿಐಸಿಐ ಲೈಫ್‌ಟೈಮ್ ಫ್ರೀ.

ಬೋನಸ್ ಒಂದನ್ನೇ ನೋಡಿದರೆ ಟಾಟಾ ಗೆದ್ದಿತು. ಆದರೆ ಬೋನಸ್ ಬರುವುದು ಒಂದು ಸಲ, ಖರ್ಚು ಪ್ರತಿ ತಿಂಗಳೂ ಇರುತ್ತೆ, ಅಲ್ವಾ?

ಒಬ್ಬ ಕನ್ನಡ ಪ್ರಕಾಶಕರ ವೆಬ್‌ಸೈಟಲ್ಲಿ 4,000 ರೂಪಾಯಿಯ ಪುಸ್ತಕ ಕೊಂಡಿರಿ ಅನ್ನಿ. ಎಸ್‌ಬಿಐ ಕಾರ್ಡಿಗೆ ಆನ್‌ಲೈನ್ ಅಂಗಡಿ ಯಾವುದಾದರೂ 5%, ಅಂದರೆ 200 ರೂಪಾಯಿ. ಟಾಟಾ 1.5% ಲೆಕ್ಕದಲ್ಲಿ 60 ಕಾಯಿನ್. ಅಮೆಜಾನ್ ಕಾರ್ಡ್ 1%, ಬರೀ 40. ಅದರ 5% ಅಮೆಜಾನ್‌ನಲ್ಲಿ ಮಾತ್ರ, ಅದೂ ಪ್ರೈಮ್ (ಅಮೆಜಾನ್‌ನ ದುಡ್ಡು ಕೊಟ್ಟು ಪಡೆಯುವ ಸದಸ್ಯತ್ವ) ಇದ್ದವರಿಗೆ; ಇಲ್ಲದವರಿಗೆ 3%. ದುಡ್ಡು ಎಲ್ಲಿಗೆ ಬರುತ್ತದೆ ಅನ್ನುವುದೂ ಮುಖ್ಯ. ಎಸ್‌ಬಿಐ ಕ್ಯಾಶ್‌ಬ್ಯಾಕ್ ನೇರ ಕಾರ್ಡ್ ಬಾಕಿಯಲ್ಲೇ ವಜಾ ಆಗುತ್ತದೆ. ಅಮೆಜಾನ್‌ನದು ಪೇ ಬ್ಯಾಲೆನ್ಸ್ ಆಗಿ ಕೂರುತ್ತದೆ, ಬ್ಯಾಂಕಿಗೆ ಹಾಕಿಕೊಳ್ಳಲಾಗಲ್ಲ.

ಹಾಗಾದರೆ 1,179 ಕೊಟ್ಟು ಎಸ್‌ಬಿಐ ಕಾರ್ಡ್ ಇಟ್ಟುಕೊಳ್ಳಬಹುದಾ? 5% ಲೆಕ್ಕದಲ್ಲಿ ಸುಮಾರು 23,600 ಖರ್ಚಾದರೆ ಶುಲ್ಕದ ದುಡ್ಡು ವಾಪಸ್ ಬಂದಂತೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಆ ಖರ್ಚಿಗೆ ಫ್ರೀ ಕಾರ್ಡ್ ಹೇಗೂ 1% ಕೊಡ್ತಿತ್ತಲ್ಲ! ನಿಜವಾದ ಲಾಭ 4% ಮಾತ್ರ, ಹಾಗಾಗಿ ಅಮೆಜಾನ್ ಬಿಟ್ಟು ಬೇರೆ ಕಡೆ ವರ್ಷಕ್ಕೆ 29,500 ರೂಪಾಯಿಯಷ್ಟು ಕೊಳ್ಳಬೇಕು. ಮಿಂತ್ರಾ, ಸ್ವಿಗ್ಗಿ ಇರುವ ಮನೆಯಲ್ಲಿ ಅದು ಕಷ್ಟವಲ್ಲ. ವರ್ಷಕ್ಕೆ 2 ಲಕ್ಷ ಖರ್ಚಾದರೆ ಶುಲ್ಕವೇ ಮನ್ನಾ.

ಆದರೆ ಬಾಡಿಗೆ, ಪೆಟ್ರೋಲ್, ಇನ್ಶೂರೆನ್ಸ್, ಸ್ಕೂಲ್ ಫೀಸ್, ಬೆಸ್ಕಾಂ ಬಿಲ್ ಇದಕ್ಕೆಲ್ಲ ಎಸ್‌ಬಿಐ ಕಾರ್ಡಿನಲ್ಲಿ ಕ್ಯಾಶ್‌ಬ್ಯಾಕ್ ಸೊನ್ನೆ. ಕರೆಂಟ್ ಬಿಲ್ಲನ್ನು ನಾನು ಅಮೆಜಾನ್ ಆ್ಯಪ್‌ನಲ್ಲಿ ಅವರದೇ ಕಾರ್ಡಿನಿಂದ ಕಟ್ಟುತ್ತಿದ್ದೆ, 2% ಬರುತ್ತಿತ್ತು. ನಿಯಮಗಳೂ ನಿಂತಲ್ಲಿ ನಿಲ್ಲಲ್ಲ. 2022ರಲ್ಲಿ ಎಸ್‌ಬಿಐ ಕ್ಯಾಶ್‌ಬ್ಯಾಕ್ ಬಂದಾಗ ತಿಂಗಳಿಗೆ ಸಿಗುವ ಕ್ಯಾಶ್‌ಬ್ಯಾಕ್ ಮಿತಿ 10,000 ರೂಪಾಯಿ ಇತ್ತು, 2023ರ ಮೇ ತಿಂಗಳಲ್ಲಿ 5,000ಕ್ಕೆ ಇಳಿಸಿದರು.

ಬೀದಿಗಿಳಿದರೆ ಆಟವೇ ಬೇರೆ. ದರ್ಶಿನಿ, ಮೆಡಿಕಲ್ ಶಾಪ್, ದಿನಸಿ ಅಂಗಡಿ ಎಲ್ಲಾ ಕಡೆ ಯುಪಿಐ. ಯುಪಿಐಗೆ ಜೋಡಿಸಲು ಆಗುವುದು ರುಪೇ ಕ್ರೆಡಿಟ್ ಕಾರ್ಡ್ ಮಾತ್ರ, ಹಾಗಾಗಿ ಮೂರರಲ್ಲಿ ಅಲ್ಲಿ ಕೆಲಸಕ್ಕೆ ಬಂದದ್ದು ಟಾಟಾ ನ್ಯೂ ಒಂದೇ. ಟಾಟಾ ನ್ಯೂ ಆ್ಯಪ್‌ನ ಯುಪಿಐನಿಂದ ಸ್ಕ್ಯಾನ್ ಮಾಡಿದರೆ 1.5%, ಬೇರೆ ಆ್ಯಪ್‌ನಿಂದ 0.5%, ತಿಂಗಳಿಗೆ 500 ಕಾಯಿನ್ ಮಿತಿ. ಸೊಪ್ಪಿನ ಅಜ್ಜಿ ತಳ್ಳುಗಾಡಿಗೆ ಅಂಟಿಸಿದ್ದು ಮಗನ ಸ್ವಂತ ಖಾತೆಯ ಕ್ಯೂಆರ್ ಆಗಿದ್ದರೆ ಕ್ರೆಡಿಟ್ ಕಾರ್ಡ್ ನಡೆಯಲ್ಲ, ವ್ಯಾಪಾರಿ ಕ್ಯೂಆರ್ ಬೇಕು. ಚಿಲ್ಲರೆ ಖರ್ಚೇ ಜಾಸ್ತಿ ಇರುವ ಮನೆಗೆ ಟಾಟಾ ನ್ಯೂ ವಾಸಿ. ಅದರ ಶುಲ್ಕ ಮನ್ನಾ ಆಗಲು ಮಾತ್ರ 3 ಲಕ್ಷ ಖರ್ಚಾಗಬೇಕು. ಅದಕ್ಕೋಸ್ಕರ ಬೇಡದ್ದು ಕೊಳ್ಳುವುದು ಹುಚ್ಚುತನ.

ಬಿಲ್ ಪೂರ್ತಿ ಕಟ್ಟದವರಿಗೆ ಈ ಲೆಕ್ಕ ಯಾವುದೂ ಅನ್ವಯಿಸಲ್ಲ. 10,000 ರೂಪಾಯಿ ಖರ್ಚಿಗೆ 500 ಕ್ಯಾಶ್‌ಬ್ಯಾಕ್ ಬಂತು ಅನ್ನಿ. ಆ ಬಾಕಿ ಒಂದು ತಿಂಗಳು ಉಳಿದರೆ 3.75% ಬಡ್ಡಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 442. ತಡವಾದದ್ದಕ್ಕೆ ದಂಡ ಬೇರೆ.

ನಮ್ಮನೆಯಲ್ಲಿ ಎಸ್‌ಬಿಐ ಮತ್ತು ಅಮೆಜಾನ್ ಕಾರ್ಡ್ ಉಳಿದವು. ಟಾಟಾ ನ್ಯೂ ಎರಡನೇ ವರ್ಷದ ಶುಲ್ಕ ಬೀಳುವ ಮೊದಲೇ ನಿಲ್ಲಿಸಿದೆವು. ಕಾರ್ಡ್ ಮುಚ್ಚುವವರು ಮೊದಲು ಕಾಯಿನ್ ಖಾಲಿ ಮಾಡಿ, ಬಾಕಿ ಸೊನ್ನೆ ಮಾಡಿ, ಆಮೇಲೆ ಬರವಣಿಗೆಯಲ್ಲಿ ಕೇಳಿ. ಆರ್‌ಬಿಐ ನಿಯಮದ ಪ್ರಕಾರ ಬ್ಯಾಂಕ್ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು.