ನೋಟ್ಸ್ ಆ್ಯಪ್ ಒಂದರ ದೀರ್ಘ ಬಳಕೆ: ನವೀಕರಣ, ನೋವೀಕರಣ, ನರಳೀಕರಣ

ರೇಟಿಂಗ್: ಐದಕ್ಕೆ ಎರಡೂವರೆ. ಮೊದಲ ವರ್ಷವೇ ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಆ್ಯಪ್‌ನ ಹೆಸರು ಬೇಡ. ನಿಮ್ಮ ಫೋನಿನಲ್ಲಿರುವುದೂ ಇದರ ಅಣ್ಣನೋ ತಮ್ಮನೋ ಆಗಿರುತ್ತದೆ. ಇದನ್ನು ಇಟ್ಟುಕೊಂಡದ್ದು ಎರಡೇ ಕಾರಣಕ್ಕೆ: ತೆರೆದ ಕೂಡಲೇ ಖಾಲಿ ಹಾಳೆ ಬರುತ್ತಿತ್ತು, ಬರೆದಿಟ್ಟದ್ದು ಹುಡುಕಿದರೆ ಸಿಗುತ್ತಿತ್ತು. ವರ್ಷಗಟ್ಟಲೆ ಬಳಸಿದ ಮೇಲೆ ನೋಡಿದರೆ, ಇವೆರಡನ್ನೂ ಕೆಡಿಸಿದ್ದು ವೈರಸ್ ಅಲ್ಲ, ಅಪ್‌ಡೇಟ್‌ಗಳು. ಪ್ರತಿಯೊಂದರ ಜೊತೆಗೂ ಒಂದು ಸಾಲು: "ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಗೊಳಿಸಿದ್ದೇವೆ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುವ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಆದರೆ ಪ್ರತಿ ಅಪ್‌ಡೇಟಿಗೂ ಅಷ್ಟುದ್ದ ಹೇಳುತ್ತ ಕೂರಲು ಯಾರಿಗೆ ಪುರುಸೊತ್ತು? ಸುಧಾರಿಸುವುದನ್ನೂ ಕೆಡಿಸುವುದನ್ನೂ ಬೆಸೆದು ಜರ್ಮನರು 'ಫರ್‌ಶ್ಲಿಮ್‌ಬೆಸ್ಸರುಂಗ್' ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ. ನಾ. ಕಸ್ತೂರಿಯವರು ಪದಗಳಿಗೆ ತಮಾಷೆಯ ಅರ್ಥ ಕೊಡುವ ಅನರ್ಥಕೋಶ ಬರೆದ ಭಾಷೆಯವರು ನಾವು, ಹಿಂದೆ ಬೀಳುವುದುಂಟೆ? ಮನೆಯವರೆಲ್ಲ ಇದೇ ಆ್ಯಪ್ ಬಳಸುವುದರಿಂದ ಬೈಗುಳದ ಜಾಗದಲ್ಲಿ ಪದಗಳು ಹುಟ್ಟತೊಡಗಿದವು.

ಮೊದಲು ಹುಟ್ಟಿದ್ದು ನೋವೀಕರಣ. ಇದ್ದ ವಸ್ತುವನ್ನು ಇದ್ದ ಜಾಗದಿಂದ ಎತ್ತಿ ಬೇರೆಡೆ ಇಡುವುದು. ಹೊಸ ಟಿಪ್ಪಣಿಯ ಬಟನ್ ಕೆಳಗೆ ಬಲಮೂಲೆಯಲ್ಲಿತ್ತು, ನೋಡದೆಯೇ ಹೆಬ್ಬೆರಳು ಅಲ್ಲಿಗೆ ಹೋಗುತ್ತಿತ್ತು. ಈಗ ಅದು ಮೇಲೆ ಎಡಮೂಲೆಗೆ ಹೋಗಿದೆ. ಹಳೆಯ ಜಾಗದಲ್ಲಿ ಯಾರೂ ಕರೆಯದ 'ಸ್ಮಾರ್ಟ್ ಸಹಾಯಕ' ಕೂತಿದ್ದಾನೆ. "ಅಭ್ಯಾಸ ಆಗುತ್ತೆ ಬಿಡಿ" ಅನ್ನುವವರಿದ್ದಾರೆ. ಅಭ್ಯಾಸವೇನೋ ಆಗುತ್ತದೆ, ಆದರೆ ಹೆಬ್ಬೆರಳು ಉದ್ದವಾಗುವುದಿಲ್ಲವಲ್ಲ.

ನರಳೀಕರಣ ನಮ್ಮ ಅಕ್ಕನ ಕೊಡುಗೆ. ಸರಳೀಕರಣದ ಹೆಸರಿನಲ್ಲಿ ಬಂದು ನರಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ತೋಚಿಲ್ಲ. ಒಂದು ಅಪ್‌ಡೇಟಿನಲ್ಲಿ ಫೋಲ್ಡರ್‌ಗಳು ಹೋದವು, ದಿನಾಂಕದ ಪ್ರಕಾರ ಜೋಡಿಸುವ ಆಯ್ಕೆ ಹೋಯಿತು, ಸಾಲುಗಳ ನಡುವಿನ ಅಂತರ ಹೆಚ್ಚಿಸುವ ಆಯ್ಕೆಯೂ ಹೋಯಿತು. ಕೊನೆಯದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. 'ರಾಷ್ಟ್ರ' ಎಂದು ಬರೆದರೆ ಒಂದೇ ಅಕ್ಷರಕ್ಕೆ ಎರಡು ಒತ್ತು. ಅಂತರ ಕುಗ್ಗಿದ ಮೇಲೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತದೆ. ಪರದೆ ಮಾತ್ರ ಭಾರಿ ಸ್ವಚ್ಛ. ಗೊಂದಲ ಪರದೆಯಿಂದ ನಮ್ಮ ತಲೆಗೆ ವರ್ಗವಾಗಿದೆ, ಅಷ್ಟೇ.

ಅನುಕೂಲದ ವೇಷದಲ್ಲಿ ಬಂದು ಚುಚ್ಚುವುದು ಅನುಶೂಲ. ಹುಡುಕಾಟವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಹಿಂದೆ ಕೇಳಿದ ಅಕ್ಷರಗಳನ್ನೇ ಹುಡುಕುತ್ತಿದ್ದ ಆ್ಯಪ್ ಈಗ ನನ್ನ ಮನಸ್ಸನ್ನು ಓದಲು ಹೊರಟಿದೆ. 'ಬಾಡಿಗೆ' ಎಂದು ಹೊಡೆದರೆ ಮನೆಗೆ ಸಂಬಂಧಪಟ್ಟ ಟಿಪ್ಪಣಿಗಳೆಲ್ಲ ಮೆರವಣಿಗೆ ಹೊರಡುತ್ತವೆ, ಬೇಕಾದದ್ದು ಕೊನೆಯಲ್ಲಿ. ಇನ್ನೊಂದು ಸೂಕ್ಷ್ಮ ತೊಂದರೆಯೂ ಇದೆ. 'ಅಪ್‌ಡೇಟ್' ಎಂಬುದರಲ್ಲಿ ಡಕಾರ ಒತ್ತಾಗದಂತೆ ತಡೆಯಲು ಪಕಾರದ ಪಕ್ಕ ಕಣ್ಣಿಗೆ ಕಾಣದ ಯುನಿಕೋಡ್ ಚಿಹ್ನೆಯೊಂದು ಇರುತ್ತದೆ. ಒಬ್ಬರು ಅದನ್ನು ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ 'ಅಪ್ಡೇಟ್' ಎಂದು ಬರೆಯುತ್ತಾರೆ. ಹಳೆಯ ಹುಡುಕಾಟ ಎರಡನ್ನೂ ಒಂದೇ ಎಂದು ತಿಳಿಯುತ್ತಿತ್ತು. ಮನಸ್ಸನ್ನೇ ಓದಬಲ್ಲ ಹೊಸದಕ್ಕೆ ಇವು ಸಂಬಂಧವೇ ಇಲ್ಲದ ಎರಡು ಪದಗಳು!

ಕಿತ್ತುಕೊಂಡದ್ದನ್ನು ವಾಪಸ್ ಕೊಟ್ಟು ಹೊಸತೆಂದು ಸಾರುವುದು ಮರಳೀಕರಣ. ಇದರ ಹೆಸರಾಂತ ನಿದರ್ಶನ ವಿಂಡೋಸ್. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ಮಾಯವಾಯಿತು, ಜನ ಗಲಾಟೆ ಮಾಡಿದ ಮೇಲೆ 2013ರ 8.1ರಲ್ಲಿ ಬಟನ್ ಬಂತು, ಹಳೆಯ ಥರದ ಮೆನು ಬರಲು 2015ರ ವಿಂಡೋಸ್ 10 ಆಗಬೇಕಾಯಿತು. ನಮ್ಮ ಆ್ಯಪ್ ಇನ್ನೂ ಒಂದು ಹೆಜ್ಜೆ ಮುಂದೆ: ಫೋಲ್ಡರ್‌ಗಳು ಮರಳಿವೆ, ಚಂದಾ ಕಟ್ಟಿದವರಿಗೆ ಮಾತ್ರ. ಇದಕ್ಕೆ ಒಂದು ಉಕಾರ ಸೇರಿಸಿ ಮರುಳೀಕರಣ ಅನ್ನುತ್ತೇವೆ. ಲೇಖಕ ಕೋರಿ ಡಾಕ್ಟರೊ 2022ರಲ್ಲಿ ಟಂಕಿಸಿದ, ಅಮೆರಿಕನ್ ಡಯಲೆಕ್ಟ್ ಸೊಸೈಟಿ 2023ರ ವರ್ಷದ ಪದವಾಗಿ ಆರಿಸಿದ 'ಎನ್‌ಶಿಟಿಫಿಕೇಶನ್' ಹೆಚ್ಚುಕಡಿಮೆ ಈ ಕೊನೆಯ ಜಾತಿಗೆ ಸೇರಿದ್ದು: ಲಾಭಕ್ಕಾಗಿ ಬಳಕೆದಾರನ ಸುಖವನ್ನು ಹಂತಹಂತವಾಗಿ ಹಿಂಡುವುದು. ನೋವೀಕರಣದವರ ಮೇಲೆ ಆ ಆರೋಪ ಹೊರಿಸಲಾರೆ. ಪಾಪ, ಅವರು ನಿಜಕ್ಕೂ ಒಳ್ಳೆಯದು ಮಾಡುತ್ತಿದ್ದೇವೆಂದೇ ನಂಬಿರುತ್ತಾರೆ.

ಪದಗಳಿಂದ ತಮಾಷೆಯ ಜೊತೆಗೆ ಉಪಯೋಗವೂ ಆಯಿತು. "ಹೊಸ ಆವೃತ್ತಿ ಚೆನ್ನಾಗಿಲ್ಲ" ಎಂದು ಬರೆದಾಗಲೆಲ್ಲ ಗ್ರಾಹಕ ಸೇವೆಯಿಂದ ಬಂದದ್ದು ಅದೇ ಸಿದ್ಧ ಉತ್ತರ. ಯಾವ ಜಾತಿಯ ಕೇಡು ಎಂದು ಗುರುತಿಸಿದರೆ ಏನು ಕೇಳಬೇಕೆಂಬುದೂ ಸ್ಪಷ್ಟವಾಗುತ್ತದೆ: ನರಳೀಕರಣಕ್ಕೆ ಹಳೆಯ ಆಯ್ಕೆ ವಾಪಸ್ ಬೇಕು, ಅನುಶೂಲಕ್ಕೆ ಆಫ್ ಮಾಡುವ ಸ್ವಿಚ್ ಸಾಕು. ಹಾಗೆ ಬಿಡಿಸಿ ಕೇಳಿದ ಮೇಲೆ ದಿನಾಂಕದ ಜೋಡಣೆಯೊಂದು ಮರಳಿ ಬಂತು, ಅದೂ ಪುಕ್ಕಟೆ. ಸಾಲಿನ ಅಂತರ ಇನ್ನೂ ಬಂದಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಇಷ್ಟು ವರ್ಷಗಳಲ್ಲಿ ಒಂದು ಟಿಪ್ಪಣಿಯೂ ಕಳೆದಿಲ್ಲ, ಇಂಟರ್ನೆಟ್ ಇಲ್ಲದಾಗಲೂ ತೆರೆಯುತ್ತದೆ. ಡಾರ್ಕ್ ಥೀಮ್ ಚೆನ್ನಾಗಿದೆ.

ಅಪ್‌ಡೇಟ್ ನಿಲ್ಲಿಸಿಬಿಡಿ ಎಂದು ಸಲಹೆ ಕೊಡಲಾರೆ. ಭದ್ರತೆಯ ತೇಪೆಯೂ ಬಟನ್‌ಗಳ ವರ್ಗಾವಣೆಯೂ ಒಂದೇ ಪೊಟ್ಟಣದಲ್ಲಿ ಬರುತ್ತವೆ, ಒಂದನ್ನು ಬಿಟ್ಟರೆ ಇನ್ನೊಂದೂ ಇಲ್ಲ. ಇವೆರಡನ್ನು ಬೇರೆ ಮಾಡಿ ಕೊಟ್ಟ ದಿನ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊಸದಾಗಿ ಹಾಕಿಕೊಳ್ಳುವವರು ಸೆಟ್ಟಿಂಗ್ಸ್‌ನ ತಳದಲ್ಲಿರುವ 'ಟೆಕ್ಸ್ಟ್ ಫೈಲಾಗಿ ಉಳಿಸಿ' ಎಂಬುದನ್ನು ಈಗಲೇ ನೋಡಿಟ್ಟುಕೊಳ್ಳಿ. ಅದು ಅಲ್ಲಿರುವವರೆಗೂ ತಿಂಗಳಿಗೊಮ್ಮೆ ಒತ್ತಿ, ಎಲ್ಲವನ್ನೂ ಬೇರೆ ಕಡೆ ಇಟ್ಟುಕೊಳ್ಳಿ.