ಓಬಿಎಸ್ ಸ್ಟುಡಿಯೋ: ಕನ್ನಡ ಪಾಠ ರೆಕಾರ್ಡ್ ಮಾಡಲು ಹೇಗಿದೆ?

ಕಂಪ್ಯೂಟರ್ ಪರದೆಯನ್ನೂ ದನಿಯನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ಪಾಠ ಕಟ್ಟುವವರಿಗೆ ಓಬಿಎಸ್ ಸ್ಟುಡಿಯೋಗಿಂತ ಒಳ್ಳೆಯ ಪುಕ್ಕಟೆ ತಂತ್ರಾಂಶ ಸಿಗುವುದು ಕಷ್ಟ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಸಮಯದ ಮಿತಿಯಿಲ್ಲ, ವಾಟರ್‌ಮಾರ್ಕ್ ಕಾಟವೂ ಇಲ್ಲ. ಹೊಸಬರಿಗೆ ಮೊದಲು ಕಾಣುವುದು ಮಾತ್ರ ಬರೀ ಕಪ್ಪು! ‘ಸೋರ್ಸಸ್’ನಲ್ಲಿ ಪ್ಲಸ್ ಒತ್ತಿ ‘ಡಿಸ್‌ಪ್ಲೇ ಕ್ಯಾಪ್ಚರ್’ ಸೇರಿಸಬೇಕು. ಆಮೇಲೂ ಕಪ್ಪಾಗಿಯೇ ಇದ್ದರೆ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರಬಹುದು: ಪರದೆ ಒಂದರಲ್ಲಿ, ಓಬಿಎಸ್ ಇನ್ನೊಂದರಲ್ಲಿ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಓಬಿಎಸ್‌ಗೆ ‘ಪವರ್ ಸೇವಿಂಗ್’ ಆರಿಸಿ ಮುಚ್ಚಿ ತೆರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕನ್ನಡ ಪಾಠಕ್ಕೆ ನಿಜವಾದ ಪರೀಕ್ಷೆ ಅಕ್ಷರದ್ದು. 1366×768ರ ಪರದೆಯನ್ನು 1280×720ಕ್ಕೆ ಕುಗ್ಗಿಸಿದರೆ ಇಂಗ್ಲಿಷ್ ಹೇಗೋ ಓದಿಸಿಕೊಳ್ಳುತ್ತದೆ, ‘ಶಾಸ್ತ್ರ’ದ ಒತ್ತುಗಳು ಮಸಿಯ ಚುಕ್ಕೆಯಾಗುತ್ತವೆ. ಸೆಟ್ಟಿಂಗ್ಸ್‌ನ ‘ವಿಡಿಯೊ’ದಲ್ಲಿ ಬೇಸ್ (ಪರದೆಯದು), ಔಟ್‌ಪುಟ್ (ರೆಕಾರ್ಡ್ ಆಗುವುದು) ಎರಡೂ ಅಳತೆ ಒಂದೇ ಇರಲಿ. ಪುಟವನ್ನೇ ಶೇ. 150ಕ್ಕೆ ಹಿಗ್ಗಿಸಿ, ನೋಡುವವರ ಕೈಲಿರುವುದು ಮೊಬೈಲು. ಸೆಕೆಂಡಿಗೆ 30 ಫ್ರೇಮ್ ಧಾರಾಳ.

ಮಾತಾಡುವಾಗ ದನಿಯ ಮಟ್ಟ ತೋರಿಸುವ ಪಟ್ಟಿ ಹಳದಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡೆಸಿಬೆಲ್ ನಡುವೆ ಆಡುತ್ತಿರಬೇಕು. ಫ್ಯಾನ್ ಸದ್ದಿಗೆ ಮೈಕ್‌ನ ಫಿಲ್ಟರ್‌ಗಳಲ್ಲಿ ‘ನಾಯ್ಸ್ ಸಪ್ರೆಶನ್’ ಸಾಕು. ದನಿ ಮೆಲುವಾದೊಡನೆ ಮೈಕನ್ನೇ ಮುಚ್ಚುವ ‘ನಾಯ್ಸ್ ಗೇಟ್’ ಹಾಕುವಾಗ ಹುಷಾರು: ನಮ್ಮ ಎಷ್ಟೋ ಪದಗಳು ಮೆಲುವಾದ ಉಕಾರದಲ್ಲಿ ಮುಗಿಯುತ್ತವೆ. ಅಷ್ಟರಲ್ಲಿ ಗೇಟ್ ಮುಚ್ಚಿ ‘ಒತ್ತಬೇಕು’ ಎಂಬುದು ‘ಒತ್ತಬೇಕ್’ ಆಗುತ್ತದೆ. ಬೀದಿಯಲ್ಲಿ ನಡೆದೀತು, ಪಾಠದಲ್ಲಿ ಕಿವಿಗೆ ಚುಚ್ಚುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ತುಸು ಓರೆಯಾಗಿಡಿ, ಪ-ಫಗಳ ಉಸಿರು ಬಡಿಯುವುದಿಲ್ಲ.

ಕಡತವನ್ನು ಎಂಕೆವಿ ಎಂಬ ವಿಡಿಯೊ ಮಾದರಿಯಲ್ಲೇ ಉಳಿಸಿ. ಸಾಮಾನ್ಯ ಎಂಪಿ4 ತನ್ನ ಸೂಚಿಯನ್ನು (ಒಳಗೆ ಏನು ಎಲ್ಲಿದೆ ಎಂಬ ಪಟ್ಟಿ) ಕೊನೆಯಲ್ಲಿ ಬರೆಯುವುದರಿಂದ, ನಡುವೆ ಕರೆಂಟು ಹೋದರೆ ಅರ್ಧ ಗಂಟೆಯ ಪಾಠ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ‘ರಿಮಕ್ಸ್’ ಕ್ಷಣದಲ್ಲಿ ಎಂಪಿ4 ಮಾಡಿಕೊಡುತ್ತದೆ.

ಕೊರತೆ? ಕತ್ತರಿಸಿ ಜೋಡಿಸಲು ಬರುವುದಿಲ್ಲ, ಬೇರೆ ಎಡಿಟರ್ ಬೇಕು. ಬೇಕಾದ ಜಾಗ ಹಿಗ್ಗಿಸಿ ತೋರಿಸಲು, ಗೀಚಲು ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟಿನ ಜೂಮ್‌ಇಟ್ ಹಾಕಿಕೊಳ್ಳಿ: ಹಿಗ್ಗಿಸಲು ಕಂಟ್ರೋಲ್ 1, ಗೀಚಲು ಕಂಟ್ರೋಲ್ 2.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಂತೆ ಒಂದೇ ಪರದೆ ವಿಡಿಯೊಗೆ ಬೇರೆ ಬೇರೆ ಭಾಷೆಯ ದನಿ ಕೂಡಿಸುವ ಯೋಚನೆಯಿದ್ದರೆ, ಕಂಪ್ಯೂಟರ್ ಸದ್ದನ್ನು ಕಡತದ ಒಂದನೇ ದನಿ ಟ್ರ್ಯಾಕಿಗೂ ಮೈಕನ್ನು ಎರಡನೆಯದಕ್ಕೂ ಹಾಕಿ. ಕೆಲವು ಪ್ಲೇಯರ್‌ಗಳು ಮೊದಲನೆಯದನ್ನಷ್ಟೇ ಕೇಳಿಸುತ್ತವೆ. ಮಾತೇ ಬಂದಿಲ್ಲವೆಂದು ಕಡತ ಅಳಿಸಿಬಿಡಬೇಡಿ.